ತಗ್ಗಿದ ಗೆರೆ

ಕಪ್ಪು ಪರದೆ ಬರಲೇ ಇಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ದೀಪ ಹಾಕಿ, ಕಂಪ್ಯೂಟರಿನ ಗುಂಡಿ ಒತ್ತಿದರೆ ಮೊದಲು ಪರದೆ ಕಪ್ಪಾಗುತ್ತಿತ್ತು, ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು ಮೂಡುತ್ತಿದ್ದವು. ಮೇಲಿನ ಸಾಲು ‘ಹೊಸದು’, ಕೆಳಗಿನದು ‘ಹಳೇದು’. ಬಾಣದ ಗುರುತಿನ ಕೀಲಿ ಒತ್ತಿ ಬೇಕಾದ ಸಾಲಿನ ಮೇಲೆ ನಿಂತು ಎಂಟರ್ ಹೊಡೆದರೆ ಆಯಿತು, ಒಂದೇ ಪೆಟ್ಟಿಗೆಯೊಳಗಿನ ಎರಡು ಕಂಪ್ಯೂಟರುಗಳಲ್ಲಿ ಒಂದು ಏಳುತ್ತಿತ್ತು, ಇನ್ನೊಂದು ಮಲಗಿರುತ್ತಿತ್ತು. ಇವತ್ತು ಹೊಸದು ಯಾರನ್ನೂ ಕೇಳದೆ ತಾನೇ ಎದ್ದು, ರಾತ್ರಿ ತನ್ನನ್ನು ತಾನು ಸರಿಮಾಡಿಕೊಂಡಿರುವುದಾಗಿ ತಿಳಿಸಿ, ಎಲ್ಲ ಸಿದ್ಧವಾಗಿದೆ ಎಂದಿತು. ಏನು ಸಿದ್ಧ, ನಿನ್ನ ತಲೆ, ಎಂದು ಅವನು ಬೈದ. ಮುಚ್ಚಿ ಮತ್ತೆ ತೆರೆದ. ಮತ್ತೆ ಹೊಸದೇ. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಯಾರದೋ ಕುತ್ತಿಗೆ ಹಿಸುಕುವವನಂತೆ ನಿಂತ. ಪೆಟ್ಟಿಗೆ ಸದ್ದಡಗಿ ಸತ್ತಿತು. ಸತ್ತು ಹುಟ್ಟಿ ಬಂದದ್ದೂ ಹೊಸದೇ.

ಅವನಿಗೆ ಬೇಕಾಗಿದ್ದದ್ದು ಹಳೇದು. ಅವನದು ಕಿವಿ ಮಷಿನ್ ಮಾರುವ, ಅದನ್ನು ಅವರವರ ಕಿವಿಗೆ ಹೊಂದಿಸಿ ಕೊಡುವ ಅಂಗಡಿ. ಎರಡು ಕೋಣೆ, ಮುಂದಿನದರಲ್ಲಿ ಕುರ್ಚಿಗಳು, ಹಿಂದಿನದರಲ್ಲಿ ಸ್ಪಂಜು ಹೊದಿಸಿದ ಗೋಡೆ, ಮೇಜು, ಈ ಪೆಟ್ಟಿಗೆ. ಹೊಸ ಮಷಿನ್‌ಗಳನ್ನು ಹೊಂದಿಸುವ ಪ್ರೋಗ್ರಾಂ ಹೊಸದರಲ್ಲಿ ಮಾತ್ರ ನಡೆಯುತ್ತಿತ್ತು, ಹಳೆಯ ಮಷಿನ್‌ಗಳದ್ದು ಹಳೇದರಲ್ಲಿ ಮಾತ್ರ. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಅವರು ಕೊಟ್ಟ ಸಿ.ಡಿ. ಗೀರು ಬಿದ್ದು ಕೆಟ್ಟಿತ್ತು, ಉಳಿದದ್ದು ಈ ಡಿಸ್ಕಿನ ಒಂದು ಭಾಗದಲ್ಲಿ ಇದ್ದಷ್ಟೇ. ಆದರೆ ಹಳೆಯ ಮಷಿನ್ ಹಾಕಿಕೊಂಡ ಕಿವಿಗಳು ಊರಿನಲ್ಲಿ ಇನ್ನೂ ಬೇಕಾದಷ್ಟಿದ್ದವು. ಅವುಗಳಲ್ಲಿ ಎರಡು ಅವನ ಅತ್ತೆಯವು, ಹೆಂಡತಿಯ ತಾಯಿಯವು. ಅತ್ತೆಯ ಮಷಿನ್‌ಗಳು ಬೆವರು ಕುಡಿದು ಕೆಟ್ಟು, ಬೇರೆ ಊರಿನ ರಿಪೇರಿಯವನ ಹತ್ತಿರ ಹೋಗಿ, ಒಳಗಿನ ಚಿಪ್ ಬದಲಾಗಿ ವಾಪಸು ಬಂದಿದ್ದವು. ಚಿಪ್ ಬದಲಾದರೆ ಮಷಿನ್‌ಗೆ ಹಿಂದಿನದು ಏನೂ ನೆನಪಿರುವುದಿಲ್ಲ. ನಿನ್ನೆ ಮನೆಯಲ್ಲಿ ಹಾಗೇ ಹಾಕಿಕೊಂಡು ನೋಡಿದ ಅತ್ತೆ, ಪಾತ್ರೆಗಳೆಲ್ಲ ತಲೆಯೊಳಗೇ ಬೀಳುತ್ತಿವೆ ಎಂದು ಕಿತ್ತು ಡಬ್ಬಿಯಲ್ಲಿ ಇಟ್ಟಿದ್ದರು. ಮಧ್ಯಾಹ್ನ ಊಟ ಮುಗಿಸಿ ಮಗಳ ಜೊತೆ ಅಂಗಡಿಗೆ ಬರುವುದೆಂದು ಮಾತಾಗಿತ್ತು. ಹಳೇದನ್ನೇ ಹಾಕಿಕೊಡಿ ಅಳಿಯಂದ್ರೇ, ಅದು ಹಿತವಾಗಿತ್ತು, ಎಂದು ಅತ್ತೆ ಹೇಳಿದಾಗ ಅವನು ಹಿಡಿದಿದ್ದ ನೀರಿನ ಲೋಟ ತುಂಬಿ ಚೆಲ್ಲಿತ್ತು.

ಹಿತವಾಗಿತ್ತು. ಆ ಮಾತು ರಾತ್ರಿಯೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಇತ್ತು. ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಬಾಗಿಲಲ್ಲಿ ನಿವೃತ್ತ ಲಾರಿ ಡ್ರೈವರ್ ನಿಂತಿದ್ದ. ಬಲಗಿವಿಯ ಮಷಿನ್ ಸ್ನಾನದಲ್ಲಿ ನೆನೆಸಿಕೊಂಡು ಬರುವುದು ಅವನ ಅಭ್ಯಾಸ. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತ ಒಳಗೆ ಬಂದು, ಮೇಜಿನ ಮೇಲೆ ಕರವಸ್ತ್ರ ಬಿಚ್ಚಿ ಒದ್ದೆ ಮಷಿನ್ ಇಟ್ಟ. ಇವನು ಪೆಟ್ಟಿಗೆ ಬಿಟ್ಟು, ಗಿರಾಕಿಯ ಮುಖಕ್ಕೆ ನೇರವಾಗಿ ನಿಂತು, ತುಟಿ ಕಾಣುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ, ಇವತ್ತು ಒಣಗಲು ಇಡುತ್ತೇನೆ, ಆದರೆ ಹೊಂದಿಸಲು ಆಗುವುದಿಲ್ಲ, ಕಂಪ್ಯೂಟರ್ ತೊಂದರೆ ಕೊಡುತ್ತಿದೆ ಎಂದು ಹೇಳಿದ. ಕಿವುಡರ ಮುಂದೆ ಕೂಗಬಾರದು. ಕೂಗಿದರೆ ಮಾತು ಒಡೆದು ಬರೀ ಸದ್ದಾಗುತ್ತದೆ, ಮುಖ ಗಂಟಿಕ್ಕುತ್ತದೆ, ಎದುರಿನವರು ತಮ್ಮನ್ನು ಬೈಯುತ್ತಿದ್ದಾರೆಂದು ತಿಳಿಯುತ್ತಾರೆ. ಇದನ್ನು ಅವನು ಗಿರಾಕಿಗಳ ಜೊತೆ ಬರುವ ಮಕ್ಕಳು ಸೊಸೆಯಂದಿರಿಗೆಲ್ಲ ಹೇಳಿಕೊಡುತ್ತಿದ್ದ. ಡ್ರೈವರ್ ಪರದೆಯತ್ತ ಬಗ್ಗಿ ನೋಡಿ, ಮತ್ತೆ ಗುಂಡಿಗೆ ಹೋದ ಅವನ ಹೆಬ್ಬೆರಳನ್ನೂ ನೋಡಿ ನಕ್ಕ.

“ಆಗ್ಲಿಂದ ಕರೀತಾ ಇದೀರಿ, ಪೆಟ್ಟಿಗೆ ತಿರುಗಿ ನೋಡ್ತಿಲ್ಲ. ಅದಕ್ಕೂ ಒಂದು ಮಷಿನ್ ಹಾಕ್ಬಿಡಿ ಯಜಮಾನ್ರೇ.”

ಅವನೂ ನಕ್ಕ. ಅಂಗಡಿಯಲ್ಲಿ ಅವನು ನಗುತ್ತಿದ್ದ. ಅಂಗಡಿಯ ಧ್ವನಿ ಬೇರೆ ಇತ್ತು, ಅದು ಎದೆಯ ಮೇಲ್ಭಾಗದಿಂದ ಬರುತ್ತಿತ್ತು, ಬಾಗಿಲು ಎಳೆದು ಬೀಗ ಹಾಕಿದ ಮೇಲೆ ದಾರಿಯಲ್ಲಿ ಎಲ್ಲೋ ಕೆಳಗಿಳಿದು, ಮನೆಯ ಮೆಟ್ಟಿಲು ಹತ್ತುವಾಗ ಹೊಟ್ಟೆಯಲ್ಲಿ ಇರುತ್ತಿತ್ತು. ಚಪ್ಪಲಿ ಅಡ್ಡ ಬಿದ್ದಿದ್ದರೆ ಸಾಕು, ದೀಪ ಉರಿಯುತ್ತಿದ್ದರೆ ಸಾಕು, ಕೇಳಿದ್ದಕ್ಕೆ ಉತ್ತರ ಒಂದು ಗಳಿಗೆ ತಡವಾದರೆ ಸಾಕು. ಒಮ್ಮೆ ಹೆಂಡತಿ ಬಟ್ಟೆ ಮಡಚುತ್ತ, ಅವನ ಕಡೆ ನೋಡದೆ, ಕಿವಿ ಕೇಳಿಸದವರ ಹತ್ತಿರ ಅಷ್ಟು ಮೆಲ್ಲಗೆ ಮಾತಾಡ್ತೀರಿ, ಕೇಳಿಸೋ ನನ್ನ ಹತ್ತಿರ ಯಾಕೆ ಕೂಗ್ತೀರಿ ಎಂದು ಕೇಳಿದ್ದಳು. ಜಗಳಕ್ಕಲ್ಲ, ಅಂಗಿಯ ಗುಂಡಿ ಎಲ್ಲಿ ಬಿತ್ತು ಎಂದು ಕೇಳುವ ಹಾಗೆ. ಅದಕ್ಕೂ ಅವನು ಕೂಗಿಯೇ ಉತ್ತರ ಕೊಟ್ಟಿದ್ದ.

ಡ್ರೈವರ್ ಹೋದ ಮೇಲೆ ಬಾಮೈದನಿಗೆ ಫೋನ್ ಮಾಡದೆ ದಾರಿಯಿರಲಿಲ್ಲ. ಹೆಂಡತಿಯ ತಮ್ಮ ಬೇರೆ ಊರಿನ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಕಂಪ್ಯೂಟರ್ ಅವನ ಹುಚ್ಚು. ಗುಜರಿಯಲ್ಲಿ ಬಿದ್ದದ್ದನ್ನು ತಂದು ಬದುಕಿಸುತ್ತಿದ್ದ. ಡಿಸ್ಕನ್ನು ಎರಡು ಮಾಡಿ ಒಂದರಲ್ಲಿ ಹಳೇದನ್ನು ಉಳಿಸಿ ಇನ್ನೊಂದರಲ್ಲಿ ಹೊಸದನ್ನು ಕೂರಿಸಿಕೊಟ್ಟವನೂ, ಆ ಎರಡು ಸಾಲಿಗೆ ಹೆಸರು ಕೊಟ್ಟವನೂ ಅವನೇ. ಏನಾದರೂ ಆದರೆ ಇರಲಿ ಎಂದು ಒಂದು ಪೆನ್‌ಡ್ರೈವ್ ಕೊಟ್ಟು ಹೋಗಿದ್ದ. ಆ ಹುಡುಗನ ಮುಂದೆ, ಈಗಲೂ ಮನಸ್ಸಿನಲ್ಲಿ ಹುಡುಗ ಎಂದೇ ಬರುತ್ತಿತ್ತು, ಸೋತು ನಿಲ್ಲುವುದು ಅವನಿಗೆ ಆಗದು. ಅದಕ್ಕಿಂತ ಹೆಚ್ಚಿಗೆ ಇನ್ನೊಂದಿತ್ತು. ಅವನು ಆ ಇನ್ನೊಂದನ್ನು ಬದಿಗೆ ಸರಿಸಿ ನಂಬರು ಒತ್ತಿದ. ಆ ಕಡೆ ಕಬ್ಬಿಣದ ಮೇಲೆ ಕಬ್ಬಿಣ ಬಡಿಯುವ ಸದ್ದು. ಬಾಮೈದ ಬಸ್ಸಿನ ಕೆಳಗೆ ಮಲಗಿದ್ದ. ಸ್ವಲ್ಪವೂ ಅವಸರವಿಲ್ಲದೆ, ಅಪ್‌ಡೇಟ್ ಆದಾಗ ಹೊಸದು ಹಳೇದರ ವಿಳಾಸ ಅಳಿಸಿಬಿಟ್ಟಿರುತ್ತದೆ, ಹಳೇದು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ, ಕರೆಯುವವರಿಲ್ಲ ಅಷ್ಟೇ, ಎಂದ. ಪೆನ್‌ಡ್ರೈವ್ ಹಾಕಿ, ಗುಂಡಿ ಒತ್ತಿ, ಮೇಲಿನ ಸಾಲಿನ ಕೊನೆಯ ಕೀಲಿಯನ್ನು ಟಕಟಕ ಒತ್ತುತ್ತಾ ಇರಿ ಭಾವ, ಎಂದ.

ಒತ್ತಿದ. ಪೆನ್‌ಡ್ರೈವಿನಿಂದ ಬೇರೊಂದು ಪರದೆ ಎದ್ದಿತು. ಅದರ ತುಂಬ ಇಂಗ್ಲಿಷ್. ಏನು ಬರೆದಿದೆ ಓದಿ ಭಾವ, ಎಂದ ಬಾಮೈದ. ಅವನು ಓದತೊಡಗಿದ. ಮೆಲ್ಲಗೆ ಓದಿ, ಅಕ್ಷರ ಹೇಳಿದರೂ ಸಾಕು, ಎಂಬ ಮಾತು ಬಂದಾಗ ಕಿವಿ ಬಿಸಿಯಾಯಿತು. ಹಳ್ಳಿಯ ಶಾಲೆಯಲ್ಲಿ ಇಂಗ್ಲಿಷ್ ತಡವಾಗಿ ಬಂತು, ಬಂದಾಗ ಬೆತ್ತದ ಜೊತೆಗೇ ಬಂತು. ಬಿ ಮತ್ತು ಡಿ ಎರಡೂ ಅವನಿಗೆ ಒಂದೇ ಅಕ್ಷರ, ಒಂದು ಆ ಕಡೆ ತಿರುಗಿತ್ತು, ಒಂದು ಈ ಕಡೆ. ಹಲಗೆಯ ಮುಂದೆ ನಿಲ್ಲಿಸಿ ಓದಿಸುತ್ತಿದ್ದ ಮೇಷ್ಟ್ರು ತಪ್ಪಾದಾಗ ಬೆತ್ತ ತೋರಿಸುತ್ತಿದ್ದರೇ ಹೊರತು ಹೊಡೆಯುತ್ತಿರಲಿಲ್ಲ, ಇನ್ನೊಮ್ಮೆ ಓದು, ಜೋರಾಗಿ ಓದು, ಹಿಂದಿನವರಿಗೂ ಕೇಳಿಸಲಿ ಎನ್ನುತ್ತಿದ್ದರು. ಅವನು ಜೋರಾಗಿ ಓದುತ್ತಿದ್ದ. ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಬರುತ್ತಿತ್ತು, ಅದನ್ನು ಮುಚ್ಚಲು ಇನ್ನೂ ಜೋರಾಗಿ. ಕೊನೆಗೆ ಅವನ ಕೂಗಿಗೆ ನಗು ನಿಂತು ಇಡೀ ತರಗತಿ ಸುಮ್ಮನಾಗಿ ಅವನನ್ನೇ ನೋಡಿತ್ತು. ಆ ಮೌನ ಬಹಳ ಚೆನ್ನಾಗಿತ್ತು.

“ಮಧ್ಯದಲ್ಲಿ ದೊಡ್ಡದೊಂದು ಬಟನ್ ಇರುತ್ತೆ ಭಾವ, ಅದನ್ನ ಮುಟ್ಬೇಡಿ. ಎಡಗಡೆ ಕೆಳಗೆ ಮೂಲೇಲಿ ಸಣ್ಣ ಅಕ್ಷರ ಇದೆ ನೋಡಿ. ರಿಪೇರಿ ಅಂತ. ಅದನ್ನ.”

ಅಷ್ಟರಲ್ಲಿ ಅವನು ಮಧ್ಯದ್ದನ್ನು ಒತ್ತಿ ಆಗಿತ್ತು. ಕಣ್ಣೆದುರು ಅಷ್ಟು ದೊಡ್ಡದಾಗಿ ಇಟ್ಟಮೇಲೆ ಒತ್ತಬೇಡ ಎಂದರೆ ಹೇಗೆ. ಪರದೆ ಬದಲಾಗಿ, ಒಪ್ಪುತ್ತೀರಾ ಎಂದು ಕೇಳಿದ್ದಕ್ಕೆ ಒಪ್ಪಿ, ಮುಂದೆ ಎಂದದ್ದಕ್ಕೆ ಮುಂದೆ ಹೋಗಿ, ಒಂದು ಪಟ್ಟಿಯ ಮುಂದೆ ಬಂದು ನಿಂತಿದ್ದ. ಡಿಸ್ಕಿನ ಭಾಗಗಳು ಒಂದರ ಕೆಳಗೊಂದು ಇದ್ದವು. ದೊಡ್ಡದು ಹೊಸದು, ಸಣ್ಣದು ಹಳೇದು, ಅಳತೆ ನೋಡಿದರೆ ಗೊತ್ತಾಗುತ್ತಿತ್ತು. ಕೆಳಗೆ ಒಂದು ಪದ, ಪಕ್ಕದಲ್ಲಿ ಕೆಂಪು ಗುರುತು. ಆ ಪದ ಅವನಿಗೆ ಗೊತ್ತಿತ್ತು. ಡಿಲೀಟ್. ಬಾಣ ಸಣ್ಣದರ ಮೇಲೆ ನಿಂತಿತ್ತು. ಆ ಕಡೆ ಯಾರೋ ಬಾಮೈದನನ್ನು ಕರೆದು, ಬಡಿತ ಮತ್ತೆ ಶುರುವಾಗಿ, ಒಂದು ನಿಮಿಷ ಭಾವ ಎಂದು ಧ್ವನಿ ದೂರ ಹೋಯಿತು.

ಒತ್ತಿದರೆ ಮುಗಿಯಿತು. ತಪ್ಪಾಗಿ ಒತ್ತಿದೆ ಎನ್ನಬಹುದು, ಇಂಗ್ಲಿಷ್ ಬಾರದವನು ತಪ್ಪಾಗಿ ಒತ್ತುವುದೇನು ದೊಡ್ಡದಲ್ಲ, ಬಾಮೈದನೇ ಅಯ್ಯೋ ಪಾಪ ಎನ್ನುತ್ತಾನೆ. ಹಳೇದರ ಜೊತೆಗೆ ಅದರ ಪ್ರೋಗ್ರಾಂ ಹೋಗುತ್ತದೆ, ಅದರೊಳಗೆ ಅತ್ತೆಯ ಹೆಸರಿನಲ್ಲಿ ಇರುವ ಗೆರೆ, ಯಾವ ಸದ್ದು ಎಷ್ಟು ಕೇಳಬೇಕೆಂಬ ಗೆರೆ, ಹೋಗುತ್ತದೆ. ಡ್ರೈವರನ ಮಷಿನ್ ಇನ್ನು ಹೊಂದಿಸಲು ಬಾರದು, ಅಂಥ ಎಷ್ಟೋ ಜನರದ್ದು ಬಾರದು. ಅತ್ತೆಯ ಎರಡು ಮಷಿನ್ ಡಬ್ಬಿಯಲ್ಲೇ ಉಳಿಯುತ್ತವೆ. ಹೊಸ ಮಷಿನ್ ಕೊಡಿಸುತ್ತೇನೆ ಎನ್ನಬಹುದು, ಮುಂದಿನ ವರ್ಷ ಎನ್ನಬಹುದು. ಅಲ್ಲಿಯವರೆಗೆ ಅವರಿಗೆ ಏನೂ ಕೇಳಿಸುವುದಿಲ್ಲ, ಅವನದೂ ಕೇಳಿಸುವುದಿಲ್ಲ. ಬೆರಳು ಮೌಸಿನ ಮೇಲಿತ್ತು. ಅವನು ಬೆರಳಿನ ಕಡೆ ನೋಡುತ್ತ ಕೂತ. ಇದೇ ಬೆರಳು, ಇದೇ ಮೌಸ್.

ಅವತ್ತು ಬೆರಳು ಇಷ್ಟು ಯೋಚಿಸಿರಲಿಲ್ಲ. ಅತ್ತೆ ಅವನ ಮನೆಗೆ ಬಂದು ಇರತೊಡಗಿದ ಹೊಸತು. ಬಾಮೈದನಿಗೆ ಡಿಪೋದಲ್ಲಿ ಒಂದೇ ಕೋಣೆ, ಅಲ್ಲಿ ಇಬ್ಬರಿಗೆ ಜಾಗವಿಲ್ಲ. ಅಂಗಡಿಯ ಬೀಗದಕೈಯನ್ನು ಹೆಂಡತಿ ಎಲ್ಲೋ ಇಟ್ಟು ಮರೆತಿದ್ದಳು, ಅವನು ಕೂಗುತ್ತಿದ್ದ, ನಿನಗೆ ತಲೆ ಅನ್ನುವುದು ಇದೆಯೇ ಎಂದೋ, ನಿಮ್ಮ ಮನೆಯಲ್ಲಿ ಇದನ್ನೇ ಕಲಿಸಿದ್ದೋ ಎಂದೋ, ದಿನವೂ ಆಡುವ ಮಾತು. ತಿರುಗಿದಾಗ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಊಟದ ತಟ್ಟೆ ಹಿಡಿದು ನಿಂತಿದ್ದರು. ಕೋಪ ಇರಲಿಲ್ಲ ಮುಖದಲ್ಲಿ. ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ಒಂದು ಗಳಿಗೆ ನಿಂತು ಒಳಗೆ ಹೋದರು. ಆ ರಾತ್ರಿ ತಟ್ಟೆ ತೊಳೆಯುವ ಸದ್ದೂ ಬರಲಿಲ್ಲ. ಮಾರನೆಯ ದಿನವೋ ಅದರ ಮಾರನೆಯ ದಿನವೋ ಮಷಿನ್ ಸರಿಮಾಡಿಸಲು ಅಂಗಡಿಗೆ ಬಂದು, ಬಸ್ಸಿನ ಗದ್ದಲ ಹೆಚ್ಚು ಕೇಳುತ್ತದೆ ಎಂದರು. ಗದ್ದಲ ಕಡಿಮೆ ಮಾಡಲು ಮಂದ್ರದ, ಎಂದರೆ ದಪ್ಪ, ಸದ್ದನ್ನು ಸ್ವಲ್ಪ ತಗ್ಗಿಸುವುದು ಎಲ್ಲರೂ ಮಾಡುವುದೇ. ಪರದೆಯ ಮೇಲಿನ ಗೆರೆಯನ್ನು ಎಡಗಡೆ ಹಿಡಿದು ಕೆಳಗೆ ಎಳೆದ. ಸರಿಯಾಗಿತ್ತು. ಆಮೇಲೆ ಇನ್ನೊಂದಿಷ್ಟು ಎಳೆದ. ಗಂಡಸಿನ ದಪ್ಪ ಧ್ವನಿ ಎಲ್ಲಿ ಕೂರುತ್ತದೆ ಎಂದು ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ. ಅಲ್ಲಿ ಗೆರೆ ಬಾವಿಯ ಹಾಗೆ ಇಳಿಯಿತು. ಎದ್ದು ಅತ್ತೆಯ ಬೆನ್ನ ಹಿಂದೆ ಹೋಗಿ ನಿಂತು, ಅತ್ತೆ, ಎಂದು ಕರೆದ. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದ. ಅವರು ಗೋಡೆಯ ಸ್ಪಂಜಿನ ತೂತುಗಳನ್ನು ನೋಡುತ್ತ ಕೂತಿದ್ದರು. ಮುಂದೆ ಬಂದು, ತುಟಿ ಕಾಣುವ ಹಾಗೆ, ಈಗ ಹೇಗಿದೆ ಎಂದು ಕೇಳಿದ. ಹಿತವಾಗಿದೆ ಎಂದರು.

ಆಮೇಲೆ ಮನೆಯಲ್ಲಿ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವನು ಕೂಗುವಾಗ ಅತ್ತೆ ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದರು, ಒಮ್ಮೊಮ್ಮೆ ತಲೆ ಎತ್ತಿ ಅವನ ಬಾಯಿ ಆಡುವುದನ್ನು ನೋಡಿ, ಅಂಗಡಿಯ ವಿಷಯವೇನೋ ಎಂಬಂತೆ ಮತ್ತೆ ತಲೆ ತಗ್ಗಿಸುತ್ತಿದ್ದರು. ಹೆಂಡತಿಯೂ ಒಮ್ಮೆ ಕಣ್ಣೊರೆಸಿಕೊಂಡು, ಸದ್ಯ ಅಮ್ಮನಿಗೆ ಕೇಳಿಸಲ್ಲ, ಎಂದಿದ್ದಳು. ಅದನ್ನು ಕೇಳಿ ಅವನಿಗೆ ಸಮಾಧಾನವಾಗಿತ್ತು, ಏನೋ ಒಂದು ಉಪಕಾರ ಮಾಡಿದವನ ಸಮಾಧಾನ. ಆದರೆ ಗೆರೆಗೆ ಯಾರ ಧ್ವನಿ ಎಂದು ಗೊತ್ತಾಗುವುದಿಲ್ಲ. ಈಗೀಗ ಗಂಡಸರೆಲ್ಲ ಬಾಯೊಳಗೇ ಗೊಣಗುತ್ತಾರೆ ಎಂದು ಅತ್ತೆ ಹೇಳತೊಡಗಿದರು. ಭಾನುವಾರ ಮಗ ಫೋನ್ ಮಾಡಿದರೆ ಕಿವಿಗಿಟ್ಟು ಸ್ವಲ್ಪ ಹೊತ್ತು ಹೂಂ ಹೂಂ ಎಂದು, ಮಗಳ ಕೈಗೆ ಕೊಟ್ಟುಬಿಡುತ್ತಿದ್ದರು. ಒಂದು ಸಂಜೆ, ಅವನಿಗೆ ನನ್ನ ಹತ್ತಿರ ಮಾತೇ ಇಲ್ಲ, ಒಂದೆರಡು ಮಾತಾಡಿ ಸುಮ್ಮನಾಗಿಬಿಡುತ್ತಾನೆ, ಇಲ್ಲಿ ಬಿಟ್ಟಮೇಲೆ ಮುಗಿಯಿತಲ್ಲ, ಎಂದು ಯಾರಿಗೂ ಅಲ್ಲದೆ ಹೇಳಿಕೊಂಡರು. ಅವನು ಅಲ್ಲೇ ಕೂತು ಉಗುರು ಕತ್ತರಿಸುತ್ತಿದ್ದ. ಬಾಮೈದನ ಧ್ವನಿ ಅವನದರಷ್ಟೇ ದಪ್ಪ, ಆದರೆ ಮೆತ್ತಗೆ. ಅದು ಬಾವಿಯ ತಳದಲ್ಲಿ ಎಲ್ಲೋ ಇರುತ್ತಿತ್ತು.

“ಭಾವ, ಇದೀರಾ?” ಎಂದಿತು ಆ ಧ್ವನಿ ಈಗ. “ಸಿಕ್ತಾ ಮೂಲೇದು?”

ಅವನು ಬೆರಳೆತ್ತಿದ. ತಪ್ಪು ಕಡೆ ಬಂದಿದ್ದೇನೆ, ದೊಡ್ಡದನ್ನೇ ಒತ್ತಿದೆ, ಎಂದ. ಬಾಮೈದನ ಕಡೆ ಬಡಿತ ನಿಂತಿತು. ಏನನ್ನೂ ಅಳಿಸಿಲ್ಲ ತಾನೆ, ಎಂದು ಕೇಳಿದ. ಇಲ್ಲ, ಎಂದ. ಹಾಗಾದ್ರೆ ಏನೂ ಆಗಿಲ್ಲ ಬಿಡಿ, ಮೇಲೆ ಮೂಲೇಲಿರೋ ಇಂಟು ಗುರುತು ಒತ್ತಿ ಹೊರಗೆ ಬನ್ನಿ, ನಾನೂ ಒಂದ್ಸಲ ಹಾಗೇ ಮಾಡಿ ಡಿಪೋ ಮ್ಯಾನೇಜರ್ ಮಗಳ ಮದುವೆ ಫೋಟೋ ಅಷ್ಟೂ ತಿಂದುಹಾಕಿದ್ದೆ, ಎಂದು ನಕ್ಕ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಹೊರಗೆ ಬಂದು, ಮೂಲೆಯದನ್ನು ಒತ್ತಿ, ಕಪ್ಪು ಕಿಟಕಿಯೊಂದನ್ನು ತೆರೆದ. ಇಲ್ಲಿ ಸಾಲುಗಳನ್ನು ಕೈಯಲ್ಲಿ ಬರೆಯಬೇಕಿತ್ತು. ಮೊದಲು ಹಳೇದು ಯಾವ ಅಕ್ಷರದ ಮನೆಯಲ್ಲಿದೆ ಎಂದು ಹುಡುಕಬೇಕು. ಸಿ ನೋಡಿದರು, ಹೊಸದರ ಕಸ. ಡಿ ನೋಡಿದರು, ಅಲ್ಲಿ ಕಿವಿ ಮಷಿನ್ ಕಂಪನಿಯ ಹೆಸರು ಕಂಡಿತು. ಬಿ, ಸಿ, ಡಿ, ಮತ್ತೆ ಬಿ, ಎರಡು ಓ, ಟಿ, ಆಮೇಲೆ ಜಾಗ ಬಿಡಿ, ಎಂದು ಬಾಮೈದ ಹೇಳುತ್ತ ಹೋದ. ಫೋನಿನಲ್ಲಿ ಬಿ, ಡಿ, ಟಿ ಎಲ್ಲ ಒಂದೇ ಥರ. ವಯಸ್ಸಾದ ಕಿವಿಯಿಂದ ಮೊದಲು ಉದುರುವವೂ ಅವೇ. ಅವನು ಒಂದೊಂದನ್ನೂ ತಿರುಗಿ ಹೇಳಿ ಖಚಿತ ಮಾಡಿಕೊಂಡ. ಹೀಗೆ ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿ ಎಷ್ಟು ಕಾಲವಾಗಿತ್ತೋ. ಎಂಟರ್ ಹೊಡೆದಾಗ ಒಂದೇ ಸಾಲಿನ ಉತ್ತರ ಬಂತು. ಓದಿದ. ಅದು ಸರಿಯಾಯಿತು ಎಂದರ್ಥ ಭಾವ, ಎಂದ ಬಾಮೈದ. ಪೆನ್‌ಡ್ರೈವ್ ಕಿತ್ತು ಹೊಸದಾಗಿ ಗುಂಡಿ ಒತ್ತಿದ. ಪರದೆ ಕಪ್ಪಾಯಿತು, ಎರಡು ಸಾಲು ಬಂದವು. ಬಾಮೈದ ಕೊಟ್ಟ ಹೆಸರುಗಳು ಹೋಗಿ ಕಂಪ್ಯೂಟರ್ ಕಂಪನಿಯ ಉದ್ದನೆಯ ಇಂಗ್ಲಿಷ್ ಹೆಸರುಗಳಿದ್ದವು. ನಂಬರು ನೋಡಿ ಕೆಳಗಿನದರ ಮೇಲೆ ನಿಂತ. ಹಳೇದು ಮೆಲ್ಲಗೆ, ಕೆಮ್ಮುತ್ತ, ಎದ್ದು ಬಂತು.

“ಅಮ್ಮನ ಫೈಲ್ ಇದೆಯಾ ನೋಡ್ಬಿಡಿ,” ಎಂದ ಬಾಮೈದ. “ಅದನ್ನೇ ಹಾಕ್ಬಿಟ್ರೆ ಸಾಕಲ್ಲ.”

ಇತ್ತು. ತೆರೆದ. ಗೆರೆ ಎಡಗಡೆಯಿಂದ ಹೊರಟು, ಬಾವಿಗಿಳಿದು, ಎದ್ದು ಬಲಕ್ಕೆ ಹೋಗುತ್ತಿತ್ತು. ಇದೆ, ಎಂದು ಹೇಳಿ ಫೋನ್ ಇಟ್ಟ.

ಅತ್ತೆ, ಹೆಂಡತಿ ಬಂದಾಗ ಬಿಸಿಲು ಅಂಗಡಿಯ ಹೊಸ್ತಿಲವರೆಗೂ ಬಂದಿತ್ತು. ಮಷಿನ್ ಇಲ್ಲದೆ ಬೀದಿಯಲ್ಲಿ ನಡೆದು ಬಂದ ಅತ್ತೆ ಮಗಳ ಮೊಳಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಕುರ್ಚಿಯಲ್ಲಿ ಕೂತ ಮೇಲೂ ಬಿಡಲಿಲ್ಲ. ಅವನು ಎರಡು ಮಷಿನ್‌ಗಳಿಗೂ ಸಣ್ಣ ತಂತಿ ಸಿಕ್ಕಿಸಿ, ಅವರ ಕಿವಿಗೆ ಕೂರಿಸಿದ. ಅವರ ಕಿವಿಯ ಹಿಂದಿನ ಚರ್ಮ ತೆಳ್ಳಗೆ, ಬೆಚ್ಚಗೆ ಇತ್ತು. ಪರದೆಯಲ್ಲಿ ಪ್ರೋಗ್ರಾಂ ಕೇಳುತ್ತಿತ್ತು, ಹಿಂದಿನದನ್ನೇ ಹಾಕಲೋ, ಹೊಸದಾಗಿ ಶುರುಮಾಡಲೋ. ಹಿಂದಿನದು ಎಂದರೆ ಕೆಲಸ ಮುಗಿದು ಅವರು ಸಂಜೆಯ ಕಾಫಿಗೆ ಮನೆಯಲ್ಲಿರುತ್ತಾರೆ. ಬೆಳಿಗ್ಗೆಯಿಂದ ಫೋನಿನಲ್ಲಿ ಕೇಳಿದ ಆ ಮೆತ್ತಗಿನ ಧ್ವನಿ ಇನ್ನೂ ಅವನ ಕಿವಿಯಲ್ಲಿ ಇತ್ತು, ಏನೂ ಆಗಿಲ್ಲ ಬಿಡಿ ಎನ್ನುತ್ತ. ಹೊಸದಾಗಿ ಎಂಬುದನ್ನು ಒತ್ತಿದ. ಕಿವಿ ಪರೀಕ್ಷೆ ಮಾಡಿ, ಬಂದ ಲೆಕ್ಕಕ್ಕೆ ಸರಿಯಾಗಿ ಗೆರೆ ಎಳೆದ. ಗಂಡಸಿನ ಧ್ವನಿ ಕೂರುವ ಕಡೆ ಬಂದಾಗ ಕೈ ತಾನಾಗಿ ಕೆಳಗೆ ಹೋಯಿತು. ಅದನ್ನು ಹಿಡಿದು ಮೇಲೆ ತಂದ. ದೊಡ್ಡ ಕೆಲಸವೇನಲ್ಲ, ಒಂದು ಬೆರಳಿನ ಕೆಲಸ. ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಇವತ್ತಿನಿಂದ ತಾನು ಮೆಲ್ಲಗೆ ಮಾತಾಡಿದರೆ ಆಯಿತು, ಅಂಗಡಿಯಲ್ಲಿ ಆಡುವುದಿಲ್ಲವೇ, ಎಂದುಕೊಂಡ. ಹಾಗೆ ಅಂದುಕೊಂಡಾಗ ಮೈ ಹಗುರವೂ ಆಯಿತು.

ಮಷಿನ್ ಎಚ್ಚರಗೊಂಡಿತು. ಅತ್ತೆಯ ಹುಬ್ಬು ಮೇಲೇರಿತು. ಬೀದಿಯಲ್ಲಿ ಹೋದ ಮೋಟಾರುಬೈಕಿನ ಕಡೆಗೆ ತಲೆ ತಿರುಗಿತು. ಅದೇ ಹೊತ್ತಿಗೆ ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು, ಬಾಮೈದನದು. ಸ್ಪೀಕರ್ ಹಾಕಿದ. ಏನಾಯ್ತು ಭಾವ, ಅಮ್ಮ ಬಂದ್ರಾ, ಎಂದಿತು. ಅವನು ಉತ್ತರ ಕೊಡುವ ಮೊದಲೇ ಅತ್ತೆ ಮಗಳ ಮೊಳಕೈ ಬಿಟ್ಟು ಮುಂದಕ್ಕೆ ಬಗ್ಗಿದರು.

“ನಿನಗೆ ನೆಗಡಿ ಆಗಿದೆಯೇನೋ? ಧ್ವನಿ ಕಟ್ಟಿದೆಯಲ್ಲ.”

ಹೂಂ ಅಮ್ಮ, ಮೊನ್ನೆಯಿಂದ, ಎಂದ ಮಗ. ಬಸ್ಸಿನ ಕೆಳಗೆ ಒದ್ದೆ ನೆಲದಲ್ಲಿ ಮಲಗಿದರೆ ಇನ್ನೇನಾಗುತ್ತೆ, ಕೆಳಗೆ ಗೋಣಿಚೀಲ ಹಾಕ್ಕೋ, ಒಂದಲ್ಲ ಎರಡು ಹಾಕ್ಕೋ, ಎಂದು ಅತ್ತೆ ಶುರುಮಾಡಿದರು. ಮಗ ಏನೋ ಹೇಳಿದ, ಅತ್ತೆ ನಕ್ಕರು. ಉತ್ತರಕ್ಕೆ ಉತ್ತರ ಸರಿಯಾಗಿ ಬೀಳುತ್ತಿತ್ತು. ಅವನು ಪರದೆಯ ಕಡೆ ಮುಖ ಮಾಡಿ, ನೋಡಲು ಏನೂ ಇಲ್ಲದ ಕಡೆ ನೋಡುತ್ತ ಕೂತ. ಕೆಲಸಕ್ಕೆ ಕರೀತಿದಾರೆ ಎಂದು ಬಾಮೈದ ಫೋನ್ ಇಟ್ಟ. ಹೆಂಡತಿ ತಾಯಿಯ ಕಡೆ ನೋಡಿದಳು, ಫೋನಿನ ಕಡೆ ನೋಡಿದಳು, ಆಮೇಲೆ ಅವನ ಕಡೆ ನೋಡಿದಳು. ಅವಳ ನೋಟದಲ್ಲಿ ಸಂಶಯ ಏನೂ ಇರಲಿಲ್ಲ, ಖುಷಿಯೇ ಇತ್ತು.

“ಅಲ್ಲ, ಹಾಗಾದ್ರೆ ಇಷ್ಟು ದಿನ ಇವನ ಧ್ವನಿ ಯಾಕೆ ಕೇಳಿಸ್ತಿರ್ಲಿಲ್ಲ ಅಮ್ಮನಿಗೆ? ಮಷಿನ್ ಅದೇ ಅಲ್ವಾ?”

ಸಾದಾ ಪ್ರಶ್ನೆ. ಚಿಪ್ ಬದಲಾಯಿತಲ್ಲ ಎಂದಿದ್ದರೆ ಮುಗಿಯುತ್ತಿತ್ತು, ಆ ಉತ್ತರ ಬಾಯಿಯಲ್ಲೇ ಇತ್ತು. ಆದರೆ ಬೆಳಗಿನಿಂದ ತಡೆದ ಸಿಟ್ಟು, ಪೆಟ್ಟಿಗೆಯ ಮೇಲಿನದು, ಡ್ರೈವರನ ಮೇಲಿನದು, ಅಕ್ಷರ ಓದಿಸಿಕೊಂಡದ್ದು, ಅವಳು ಹೀಗೆ ನೇರವಾಗಿ ಬಂದು ಅಲ್ಲೇ ಕೈ ಇಟ್ಟದ್ದು, ಎಲ್ಲ ಒಟ್ಟಿಗೆ ಹೊಟ್ಟೆಯಿಂದ ಎದ್ದಿತು.

“ನಿನಗೇನೇ ಗೊತ್ತು ಮಷಿನ್ ವಿಷಯ? ತಲೆ ಇಲ್ಲ ಬುಡ ಇಲ್ಲ, ಬಾಯಿಗೆ ಬಂದದ್ದು ಕೇಳ್ತೀಯ. ಮುಚ್ಕೊಂಡು ಕೂತ್ಕೋ.”

ಗೋಡೆಯ ಸ್ಪಂಜು ಅದನ್ನು ಹೀರಿಕೊಂಡಿತು, ಆದರೆ ಎಲ್ಲವನ್ನೂ ಅಲ್ಲ. ಹೆಂಡತಿ ಅಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದಳು, ಮುಖದಿಂದ ಎಲ್ಲವನ್ನೂ ತೆಗೆದಿಟ್ಟು ಮಡಿಲಿನ ಚೀಲದ ಹಿಡಿಯನ್ನು ಸರಿಮಾಡಿದಳು. ಆಗ ಅವನು ಅತ್ತೆಯ ಕಡೆ ನೋಡಿದ. ಅವರ ಭುಜ ಕಿವಿಯವರೆಗೆ ಏರಿ ಹಾಗೇ ನಿಂತಿತ್ತು. ಎರಡೂ ಕಿವಿಯಿಂದ ತಂತಿ ಜೋತು ಮೇಜಿಗೆ ಬಂದಿತ್ತು, ಪರದೆಯ ಮೇಲೆ ಅವನ ಕೂಗಿನ ಅಳತೆ ಎದ್ದು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವರು ಅವನನ್ನು ನೋಡಲಿಲ್ಲ. ಮಗಳನ್ನು ನೋಡುತ್ತಿದ್ದರು, ಅವಳ ಮುಖವನ್ನಲ್ಲ, ಚೀಲದ ಹಿಡಿಯ ಮೇಲಿನ ಅವಳ ಕೈಯನ್ನು, ಆ ಕೈ ಎಷ್ಟು ಅಭ್ಯಾಸವಾದ ಹಾಗೆ ಸುಮ್ಮನಿದೆ ಎಂಬುದನ್ನು. ಬಹಳ ಹೊತ್ತು ನೋಡಿದರು. ಬಟಾಣಿ ಬಿಡಿಸುತ್ತ ತಲೆ ಎತ್ತಿ ನೋಡಿದ ಸಂಜೆಗಳೆಲ್ಲ ಒಂದೊಂದಾಗಿ ಅವರೊಳಗೆ ಸದ್ದು ಪಡೆಯುತ್ತಿವೆ ಎಂದು ಅವನಿಗೆ ಅನಿಸಿತು. ಎದೆಯ ಮೇಲ್ಭಾಗದ ಧ್ವನಿಯನ್ನು ಹುಡುಕಿ ತಂದ. ಅವರೆದುರು ಬಗ್ಗಿ, ತುಟಿ ಕಾಣುವ ಹಾಗೆ, ಜಾಸ್ತಿ ಆಯಿತೇ ಅತ್ತೆ, ಸ್ವಲ್ಪ ಕಡಿಮೆ ಮಾಡಿಕೊಡಲೇ, ಎಂದು ಕೇಳಿದ. ಕೈ ಆಗಲೇ ಮೌಸಿನ ಮೇಲಿತ್ತು.

ಅತ್ತೆ ಭುಜ ಇಳಿಸಿದರು.

“ಬೇಡ,” ಎಂದರು. “ಹೀಗೇ ಇರ್ಲಿ. ಅವಳಿಗೆ ಕೇಳಿಸೋದೆಲ್ಲ ನನಗೂ ಕೇಳಿಸ್ಲಿ.”

ಅವನು ಮೌಸಿನಿಂದ ಕೈ ತೆಗೆದ. ಪ್ರೋಗ್ರಾಂ ಉಳಿಸಲೇ ಎಂದು ಕೇಳಿತು, ಉಳಿಸಿದ. ತಂತಿಗಳನ್ನು ಬಿಚ್ಚಿ ಸುತ್ತಿಟ್ಟ. ಇನ್ನು ಬ್ಯಾಟರಿಯ ಬಗ್ಗೆ ಹೇಳಬೇಕಿತ್ತು, ಯಾವಾಗ ಬದಲಿಸಬೇಕು, ರಾತ್ರಿ ಮುಚ್ಚಳ ತೆಗೆದಿಡಬೇಕು, ಪ್ರತಿ ಗಿರಾಕಿಗೂ ಹೇಳುವುದೇ, ನಿದ್ದೆಯಲ್ಲೂ ಬರುತ್ತಿತ್ತು. ಬಾಯಿ ತೆರೆದ. ಮಾತು ಸಿದ್ಧವಿತ್ತು, ಅದನ್ನು ಯಾವ ಧ್ವನಿಯಲ್ಲಿ ಆಡಬೇಕೆಂದು ತಿಳಿಯಲಿಲ್ಲ. ತಾಯಿ ಮಗಳು ಇಬ್ಬರೂ ಅವನ ಕಡೆ ತಿರುಗಿ ಕೂತಿದ್ದರು, ಕೇಳಿಸಿಕೊಳ್ಳಲು.